ಮತ ಹಾಕಿದರೂ ಮುಗಿಯದ ಜಗಳ: ಚರ್ಚ್ ಕೌನ್ಸಿಲ್ ಈಗ ಏನು ಮಾಡಬೇಕು?

ಪ್ರಶ್ನೆ: ಕರ್ತನ ನಾಮದಲ್ಲಿ ವಂದನೆಗಳು. ನಾವು ಬೀದರ್ ಕಡೆಯವರು, ಮೆಥೋಡಿಸ್ಟ್ ಸಭೆಯಲ್ಲೇ ಹುಟ್ಟಿ ಬೆಳೆದವರು. ಈಗ ಟೆಕ್ಸಾಸ್‌ನಲ್ಲಿ ಯುನೈಟೆಡ್ ಮೆಥೋಡಿಸ್ಟ್ ಚರ್ಚಿನ ಒಂದು ಸಭೆಗೆ ಹೋಗುತ್ತೇವೆ, ನಾನು ಅಲ್ಲಿನ ಚರ್ಚ್ ಕೌನ್ಸಿಲ್‌ನಲ್ಲಿದ್ದೇನೆ. ಸಭೆಯಲ್ಲಿ ಹೆಚ್ಚಿನವರು ಅಮೆರಿಕದವರು. ನಮ್ಮ ಕಡೆಯ ಇಪ್ಪತ್ತು-ಇಪ್ಪತ್ತೈದು ಮನೆಗಳಿವೆ, ತಿಂಗಳಿಗೊಮ್ಮೆ ಕನ್ನಡ ಆರಾಧನೆ ಮಾಡುತ್ತೇವೆ. ಸಲಿಂಗಿಗಳ ವಿಷಯದಲ್ಲಿ ಪಂಗಡ ದಾರಿ ತಪ್ಪುತ್ತಿದೆ, ಹೊರಗೆ ಹೋಗೋಣ ಎಂದು 2022ರಲ್ಲಿ ಮತ ಹಾಕಿದೆವು. ಬಂದಿದ್ದ 180 ಜನರಲ್ಲಿ 110 ಮಂದಿ ಹೋಗೋಣ ಎಂದರೂ ಸಾಲಲಿಲ್ಲ. 2024ರಲ್ಲಿ ಶಾರ್ಲಟ್‌ನಲ್ಲಿ ಸೇರಿದ ಜನರಲ್ ಕಾನ್ಫರೆನ್ಸ್ (ಪಂಗಡಕ್ಕೆ ನಿಯಮ ಮಾಡುವ ಮಹಾಸಭೆ) ಹಳೆಯ ನಿಯಮಗಳನ್ನೇ ತೆಗೆದ ಮೇಲೆ ಜಗಳ ಮತ್ತೆ ಎದ್ದಿದೆ. ಕೆಲವರು ಕಾಣಿಕೆ ನಿಲ್ಲಿಸಿದ್ದಾರೆ. ಇನ್ನೊಮ್ಮೆ ಮತ ಹಾಕಿ ಬಿಲ್ಡಿಂಗ್ ಸಮೇತ ಹೋಗೋಣ ಎನ್ನುವವರಿದ್ದಾರೆ. ಪಾಸ್ಟರ್ ಬಾಯಿ ಬಿಡುತ್ತಿಲ್ಲ. ನಮ್ಮವರದೇ ಒಂದು ಮನೆಯ ಹುಡುಗ ತಾನು ಸಲಿಂಗಿ ಎಂದು ತಂದೆತಾಯಿಗೆ ಹೇಳಿದ್ದಾನೆ, ಆ ಮಾತು ಹೇಗೋ ಹೊರಗೆ ಬಂದಿದೆ. ಊರಿಂದ ಅಣ್ಣ ಫೋನ್ ಮಾಡಿ "ನಿಮ್ಮ ಕಾನೂನು ನಮಗೂ ಬರುತ್ತಾ" ಎಂದು ಕೇಳುತ್ತಾರೆ. ಕೌನ್ಸಿಲ್‌ನವರಾಗಿ ನಾವೇನು ಮಾಡಬೇಕು? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಸತ್ಯವೇದ ಈ ವಿಷಯದಲ್ಲಿ ಏನು ಬೋಧಿಸುತ್ತದೆ ಎಂಬುದು ಒಂದು. ಪಂಗಡದ ಕಾನೂನು ನಿಮ್ಮ ಸಭೆಯಿಂದ ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಎಂಬುದು ಇನ್ನೊಂದು. ಒಮ್ಮತವಿಲ್ಲದ ಜನ ಒಂದೇ ಭಾನುವಾರ ಒಂದೇ ಕರ್ತನ ಭೋಜನಕ್ಕೆ ಹೇಗೆ ಬರಬೇಕು ಎಂಬುದು ಮೂರನೆಯದು. ಮೊದಲನೆಯದನ್ನು ಇಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ಐವತ್ತು ವರ್ಷ ವಾದಿಸಿಯೂ ಪಂಗಡಕ್ಕೇ ಅದು ಬಗೆಹರಿಯಲಿಲ್ಲ. ಆದರೆ ನಿಮ್ಮ ಸಭೆಯನ್ನು ಈಗ ಒಡೆಯುತ್ತಿರುವುದು ಆ ಪ್ರಶ್ನೆ ಒಂದೇ ಅಲ್ಲ. ಎರಡನೆಯದರ ಬಗ್ಗೆ ಹಬ್ಬಿದ ತಪ್ಪು ಮಾಹಿತಿ, ಮೂರನೆಯದರ ಬಗ್ಗೆ ಯಾರೂ ಬಾಯಿ ಬಿಡದಿರುವುದು, ಇವು ಹೆಚ್ಚು ಹಾನಿ ಮಾಡುತ್ತಿವೆ. ಕೌನ್ಸಿಲ್‌ನ ಕೈಯಲ್ಲಿರುವುದೂ ಇವೇ.

ಅಣ್ಣನಿಗೆ ಉತ್ತರ ಸುಲಭ. ಬರುವುದಿಲ್ಲ. ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ 1981ರಿಂದ ಸ್ವಾಯತ್ತ. ಅದಕ್ಕೆ ತನ್ನದೇ ಬಿಷಪ್‌ಗಳು, ತನ್ನದೇ ಜನರಲ್ ಕಾನ್ಫರೆನ್ಸ್, ತನ್ನದೇ ಡಿಸಿಪ್ಲಿನ್ (ನಿಯಮಪುಸ್ತಕ) ಇವೆ. ಶಾರ್ಲಟ್‌ನಲ್ಲಿ ಆದ ತೀರ್ಮಾನ ಬೀದರಿಗಾಗಲಿ ಕೋಲಾರಕ್ಕಾಗಲಿ ಬೆಳಗಾವಿಗಾಗಲಿ ಅನ್ವಯಿಸುವುದಿಲ್ಲ. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿದೆ. ಹಾಗಾಗಿ ಅಲ್ಲಿನ ಪಾಸ್ಟರ್ ಮುಂದೆ ಅಂಥ ಮದುವೆಯ ಪ್ರಶ್ನೆ ಕಾನೂನಿನ ಪ್ರಕಾರ ಸದ್ಯ ಬರುವುದೇ ಇಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಜನರಿಗೂ ಇದೇ ಗೊಂದಲ ಇರುತ್ತದೆ. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಚರ್ಚು ಸಲಿಂಗಿ ಜೋಡಿಗಳಿಗಾಗಿ ಪ್ರಾರ್ಥನೆಗಳನ್ನು ಒಪ್ಪಿತಲ್ಲ, ಅದೂ ಸಿಎಸ್‌ಐ ಮೇಲೆ ಬರುವುದಿಲ್ಲ. ಆಂಗ್ಲಿಕನ್ ಬಳಗದ ಪ್ರತಿಯೊಂದು ಪ್ರಾಂತ್ಯವೂ ತನ್ನ ತೀರ್ಮಾನ ತಾನೇ ಮಾಡುತ್ತದೆ.

ಈಗ ನಿಮ್ಮಲ್ಲಿ ಓಡಾಡುತ್ತಿರುವ ಮಾತುಗಳು. "ಇನ್ನು ಮೇಲೆ ಸಲಿಂಗ ವಿವಾಹ ಮಾಡಿಸಲೇಬೇಕಂತೆ" ಎಂಬುದು ಸುಳ್ಳು. ಸಲಿಂಗಕಾಮದ ಆಚರಣೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ವಾಕ್ಯವನ್ನು 1972ರಲ್ಲಿ ಪಂಗಡದ ಡಿಸಿಪ್ಲಿನ್‌ಗೆ ಸೇರಿಸಿದ್ದರು. 1984ರಲ್ಲಿ ಸಲಿಂಗ ಸಂಬಂಧದಲ್ಲಿರುವವರನ್ನು ಪಾಸ್ಟರ್ ಆಗಿ ಅಭಿಷೇಕಿಸಬಾರದೆಂದಾಯಿತು, 1996ರಲ್ಲಿ ಸಲಿಂಗ ವಿವಾಹದ ಆರಾಧನೆ ನಡೆಸಬಾರದೆಂದಾಯಿತು. 2019ರಲ್ಲಿ ಸೇಂಟ್ ಲೂಯಿಯಲ್ಲಿ 438-384 ಮತಗಳಿಂದ ಈ ನಿಷೇಧಗಳನ್ನು ಇನ್ನಷ್ಟು ಬಿಗಿ ಮಾಡಿದರು. ಐದು ವರ್ಷದ ನಂತರ ಶಾರ್ಲಟ್‌ನಲ್ಲಿ ಎಲ್ಲವನ್ನೂ ತೆಗೆದರು. ಅಭಿಷೇಕದ ನಿಷೇಧ ತೆಗೆಯುವ ನಿರ್ಣಯಕ್ಕೆ ಬಿದ್ದದ್ದು 692-51. 1972ರ ವಾಕ್ಯ ಹೋದದ್ದು 523-161ರಲ್ಲಿ. ಆದರೆ ನಿಷೇಧ ತೆಗೆದ ಕೈಯಲ್ಲೇ ಇನ್ನೊಂದು ನಿಯಮವನ್ನೂ ಸೇರಿಸಿದರು: ಸಲಿಂಗ ವಿವಾಹ ಮಾಡಿಸಿದ ಪಾಸ್ಟರ್‌ನನ್ನೂ ಮಾಡಿಸಲು ಒಪ್ಪದ ಪಾಸ್ಟರ್‌ನನ್ನೂ ಡಿಎಸ್ (ಬಿಷಪ್ ಕೈಕೆಳಗೆ ಜಿಲ್ಲೆಯ ಸಭೆಗಳನ್ನು ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಶಿಕ್ಷಿಸುವಂತಿಲ್ಲ. ಜಾಗ ಕೊಟ್ಟ ಸಭೆಗೂ ಕೊಡದ ಸಭೆಗೂ ಅದೇ ರಕ್ಷಣೆ. ನಿಮ್ಮ ಕನ್ನಡ ಮನೆಗಳ ಹಿರಿಯರಿಗೆ ಈ ಒಂದು ವಿಷಯ ಮುಟ್ಟಿದ್ದರೆ ಅರ್ಧ ಗಾಬರಿ ಇಳಿಯುತ್ತಿತ್ತು.

"ಬಿಷಪ್ ನಮಗೆ ಸಲಿಂಗಿ ಪಾಸ್ಟರ್‌ನನ್ನು ಹೇರುತ್ತಾರೆ" ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಸ್ಟರ್‌ನನ್ನು ನೇಮಿಸುವವರು ಬಿಷಪ್, ಸಭೆಯಲ್ಲ. ನಿಮ್ಮ ಪಾಸ್ಟರ್-ಪ್ಯಾರಿಷ್ ಸಮಿತಿಯ ಜೊತೆ ಸಮಾಲೋಚನೆ ನಡೆಯಲೇಬೇಕು, ಆದರೆ ತಡೆಯುವ ಅಧಿಕಾರ ಆ ಸಮಿತಿಗಿಲ್ಲ. ಹಾಗಿದ್ದರೂ ಸಭೆಯ ಸ್ಥಿತಿ ನೋಡದೆ ಕಳಿಸಿದರೆ ಪಾಸ್ಟರ್, ಸಭೆ ಇಬ್ಬರೂ ಹಾಳಾಗುತ್ತಾರೆಂದು ಡಿಎಸ್‌ಗಳಿಗೆ ಚೆನ್ನಾಗಿ ಗೊತ್ತು. ಪ್ರತಿ ವರ್ಷ ನೇಮಕದ ಮಾತು ಬರುವ ಮೊದಲೇ ನಿಮ್ಮ ಸಮಿತಿ ಸಭೆಯ ಸ್ಥಿತಿಯನ್ನು ಒಂದು ಪುಟದಲ್ಲಿ, ಬೆದರಿಕೆಯ ಧಾಟಿಯಿಲ್ಲದೆ, ಬರೆದು ಕೊಡಬೇಕು. ಬಾಯಿಮಾತಲ್ಲಿ ಹೇಳಿದ್ದು ಡಿಎಸ್ ಬದಲಾದ ದಿನವೇ ಮರೆತುಹೋಗುತ್ತದೆ.

ಇನ್ನು ಆ ಮತದಾನ. ಪಂಗಡ ಬಿಡಲು ಆಗ ಇದ್ದ ದಾರಿ ಡಿಸಿಪ್ಲಿನ್‌ನ 2553ನೇ ಪ್ಯಾರಾ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕಿತ್ತು. ನಿಮ್ಮ 180ಕ್ಕೆ ಅದು 120, ಹತ್ತು ಮತ ಕಡಿಮೆ ಬಿತ್ತು. ಗೆದ್ದಿದ್ದರೂ ಹಾಗೇ ಎದ್ದು ಹೋಗುವಂತಿರಲಿಲ್ಲ. ಸುಮಾರು ಎರಡು ವರ್ಷದ ಅಪೋರ್ಷನ್‌ಮೆಂಟ್ (ಸಭೆ ಪಂಗಡಕ್ಕೆ ಕಟ್ಟುವ ವಾರ್ಷಿಕ ಪಾಲು), ಪಾಸ್ಟರ್‌ಗಳ ಪಿಂಚಣಿ ಹೊಣೆಯಲ್ಲಿ ಸಭೆಯ ಪಾಲು, ಉಳಿದ ಸಾಲ ಎಲ್ಲ ಕಟ್ಟಿ, ಆನ್ಯುಯಲ್ ಕಾನ್ಫರೆನ್ಸ್‌ನ (ಆ ಪ್ರದೇಶದ ಸಭೆಗಳ ವಾರ್ಷಿಕ ಆಡಳಿತ ಸಭೆ) ಒಪ್ಪಿಗೆಯನ್ನೂ ಪಡೆಯಬೇಕಿತ್ತು. ಆ ದಾರಿಯಲ್ಲಿ ಅಮೆರಿಕದ ಸುಮಾರು 7,600 ಸಭೆಗಳು, ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು, ಹೊರಗೆ ಹೋದವು. 2023ರ ಡಿಸೆಂಬರ್ 31ಕ್ಕೆ ಆ ಪ್ಯಾರಾದ ಅವಧಿ ಮುಗಿಯಿತು. ಶಾರ್ಲಟ್‌ನಲ್ಲಿ ಅದನ್ನು ಮುಂದುವರಿಸಲಿಲ್ಲ. ಸಭೆ ಮುಚ್ಚುವ 2549ನೇ ಪ್ಯಾರಾವನ್ನು ಬಳಸಿ ಹೊರಬರುವ ಉಪಾಯವನ್ನು ಕೆಲವೆಡೆ ಪ್ರಯತ್ನಿಸಿದರು, ಪಂಗಡದ ನ್ಯಾಯಮಂಡಳಿಯಾದ ಜುಡಿಷಿಯಲ್ ಕೌನ್ಸಿಲ್ ಅದಕ್ಕೂ ತಡೆ ಹಾಕಿತು. ಹಾಗಾಗಿ ಇನ್ನೊಮ್ಮೆ ಮತ ಹಾಕಿ ನೂರಕ್ಕೆ ನೂರು ಬಂದರೂ ಆ ಮತಕ್ಕೆ ಕಾನೂನಿನ ಬಲವಿಲ್ಲ. ಮನಸ್ತಾಪವೊಂದೇ ಉಳಿಯುವುದು.

ಬಿಲ್ಡಿಂಗ್ ವಿಷಯ ಬಿಡಿಸಿ ಹೇಳಬೇಕು. ಮೆಥೋಡಿಸ್ಟ್ ಆಸ್ತಿ ಸಭೆಯ ಹೆಸರಿನಲ್ಲಿದ್ದರೂ ಪಂಗಡದ ಪರವಾಗಿ ಟ್ರಸ್ಟ್‌ನಲ್ಲಿರುತ್ತದೆ. ಕ್ರಯಪತ್ರದಲ್ಲಿ ಆ ಸಾಲು ಇಲ್ಲದಿದ್ದರೂ ಟ್ರಸ್ಟ್ ಇದೆ ಎಂದೇ ಡಿಸಿಪ್ಲಿನ್ ಹೇಳುತ್ತದೆ. ಟೆಕ್ಸಾಸ್‌ನಲ್ಲಿ ಕೋರ್ಟುಗಳು ಇಂಥ ತಕರಾರುಗಳನ್ನು ಸಾಮಾನ್ಯ ಆಸ್ತಿ ಕಾನೂನಿನ ಪ್ರಕಾರವೇ ನೋಡುತ್ತವೆ, ಹಾಗಾಗಿ ಬಿಟ್ಟುಹೋದವರು ಗೆದ್ದದ್ದೂ ಇದೆ. ನಿಮ್ಮಲ್ಲಿ ಯಾರಾದರೂ ಫೋರ್ಟ್ ವರ್ತ್‌ನ ಎಪಿಸ್ಕೋಪಲ್ ಡಯಾಸಿಸ್‌ನ (ಒಬ್ಬ ಬಿಷಪ್ ಕೈಕೆಳಗಿನ ಸಭೆಗಳ ಕೂಟ) ಉದಾಹರಣೆ ಕೊಟ್ಟೇ ಕೊಡುತ್ತಾರೆ. ಅವರಿಗೆ ಪೂರ್ತಿ ಕಥೆ ಹೇಳಿ. ಅಲ್ಲಿ ಬೇರೆಯಾದದ್ದು 2008ರಲ್ಲಿ. ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು 2020ರಲ್ಲಿ, ದೇಶದ ಸುಪ್ರೀಂ ಕೋರ್ಟ್ ಮೇಲ್ಮನವಿ ಬೇಡವೆಂದದ್ದು 2021ರಲ್ಲಿ. ಅಲ್ಲಿ ಹೋದದ್ದು ಬಿಷಪ್ ಸಮೇತ ಇಡೀ ಡಯಾಸಿಸ್. ಒಂದು ಸಭೆ, ಅದರಲ್ಲೂ ಒಳಗೇ 61-39 ಎಂದು ಒಡೆದ ಸಭೆ, ಹನ್ನೆರಡು ಹದಿಮೂರು ವರ್ಷ ವಕೀಲರ ಫೀಸು ಕಟ್ಟಿ ಉಳಿಯುವುದು ನಂಬಲಾಗದ ಮಾತು. ಆ ದಾರಿ ಬೇಕೇ ಬೇಕು ಎನ್ನುವವರು ಮೊದಲು ಕ್ರಯಪತ್ರ ತೆಗೆದುಕೊಂಡು, ಸ್ವಂತ ಖರ್ಚಿನಲ್ಲಿ, ಟೆಕ್ಸಾಸ್‌ನ ಆಸ್ತಿ ವಕೀಲರೊಬ್ಬರನ್ನು ಕಾಣಲಿ. ಸಭೆಯ ಹಣ ಅದಕ್ಕೆ ಮುಟ್ಟಬಾರದು.

ಮತ ಹಾಕಿದರೂ ಜಗಳ ಏಕೆ ನಿಲ್ಲುವುದಿಲ್ಲ? ಹೌದು-ಇಲ್ಲ ಮತಪತ್ರ ಜನರ ನಿಜವಾದ ಮನಸ್ಸನ್ನು ಅಳೆಯುವುದಿಲ್ಲ. ನಿಮ್ಮ 110ರಲ್ಲಿ ಎಂಥೆಂಥವರಿದ್ದಾರೆ ನೋಡಿ: ಬೋಧನೆ ಬದಲಾದರೆ ಆತ್ಮಸಾಕ್ಷಿ ಒಪ್ಪದೆಂದವರು, ಪಂಗಡದ ಮೇಲಧಿಕಾರಿಗಳ ಮೇಲೆ ಹಳೆಯ ಸಿಟ್ಟಿದ್ದವರು, ಅಪೋರ್ಷನ್‌ಮೆಂಟ್ ಉಳಿಯಲಿ ಎಂದವರು, ಗೆಳೆಯರು ಹೋದರೆ ನಾವೂ ಎಂದವರು. 70ರಲ್ಲಿಯೂ ಸಲಿಂಗ ವಿವಾಹವನ್ನು ಒಪ್ಪದೆ, ಸುಮ್ಮನೆ ಒಡೆಯುವುದು ಬೇಡ ಎಂದವರು ಖಂಡಿತ ಇದ್ದಾರೆ. ಮತ ಮುಗಿದ ಮೇಲೆ ಎಲ್ಲರೂ ಎರಡು ಪಕ್ಷವಾದರು. ದೊಡ್ಡ ಪಂಗಡಗಳಲ್ಲಿ ನಡೆದದ್ದೂ ಇದೇ. ಅಮೆರಿಕದ ಲೂಥರನ್ ಚರ್ಚು, ಇಎಲ್‌ಸಿಎ, 2009ರಲ್ಲಿ ತನ್ನ ಲೈಂಗಿಕತೆಯ ಹೇಳಿಕೆಯನ್ನು 676-338ರಲ್ಲಿ ಒಪ್ಪಿತು. ಬೇಕಿದ್ದದ್ದು ಮೂರನೇ ಎರಡು, ಬಂದದ್ದೂ ಕರಾರುವಾಕ್ಕಾಗಿ ಮೂರನೇ ಎರಡು. ನೂರಾರು ಸಭೆಗಳು ಹೋದವು. ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚು 2022ರಲ್ಲಿ ತದ್ವಿರುದ್ಧ ದಿಕ್ಕಿನಲ್ಲಿ, 123-53ರಲ್ಲಿ, ಹಳೆಯ ಬೋಧನೆಯನ್ನೇ ವಿಶ್ವಾಸಪ್ರಮಾಣದ ಮಟ್ಟಕ್ಕೇರಿಸಿತು. ಅಲ್ಲಿಂದಲೂ ಸಭೆಗಳು ಹೋದವು. ಯಾವ ಪಕ್ಷ ಗೆದ್ದರೂ ಹೋಗುವವರು ಹೋಗುತ್ತಾರೆ. ಲೂಥರನ್ನರ ಹೇಳಿಕೆಯಿಂದ ಒಂದು ವಿಷಯ ಮಾತ್ರ ಎರವಲು ತರಬಹುದು. ಪೂರ್ತಿ ವಿರೋಧದಿಂದ ಪೂರ್ತಿ ಒಪ್ಪಿಗೆಯವರೆಗೆ ನಾಲ್ಕು ನಿಲುವುಗಳನ್ನು ಅದು ಬರೆದಿಟ್ಟು, ನಾಲ್ಕನ್ನೂ ಜನ ಆತ್ಮಸಾಕ್ಷಿಯಿಂದಲೇ ಹಿಡಿದಿದ್ದಾರೆ ಎಂದು ಒಪ್ಪಿಕೊಂಡಿತು.

ನನ್ನ ಸಲಹೆ: ಕೌನ್ಸಿಲ್ ಮೊದಲು ಆರು ತಿಂಗಳು ಈ ವಿಷಯದಲ್ಲಿ ಯಾವ ಮತವೂ ಇಲ್ಲ ಎಂದು ನಿರ್ಣಯ ಮಾಡಲಿ. ಆರಾಧನೆಯಲ್ಲಿ ಓದುವುದೂ ಇಮೇಲ್‌ನಲ್ಲಿ ಹೋಗುವುದೂ ಒಂದೇ ಪಠ್ಯವಾಗಿರಲಿ. ಅದರ ಜೊತೆಗೇ ಮೇಲೆ ಹೇಳಿದ ನಿಯಮಗಳನ್ನು ಒಂದು ಪುಟದಲ್ಲಿ ಬರೆದು, ಡಿಎಸ್‌ರಿಂದ ಸರಿ ನೋಡಿಸಿ, ಇಂಗ್ಲಿಷ್ ಕನ್ನಡ ಎರಡರಲ್ಲೂ ಹಂಚಿ. ಆಮೇಲೆ ಆಲಿಸುವ ಕೂಟಗಳು. ಎಂಟರಿಂದ ಹತ್ತು ಜನ, ಒಂದೂವರೆ ಗಂಟೆ, ನಡೆಸುವವರು ಇಬ್ಬರು. ಆ ಇಬ್ಬರು ನಿಮ್ಮ ಕೌನ್ಸಿಲ್‌ನವರಾಗಬಾರದು. ಬೇರೆ ಸಭೆಯವರನ್ನು ಅಥವಾ ಕಾನ್ಫರೆನ್ಸ್‌ನಲ್ಲಿ ತರಬೇತಾದವರನ್ನು ಕರೆಸಿ. ಒಬ್ಬೊಬ್ಬರಿಗೂ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಕೇಳಬೇಕಾದ್ದು ಮೂರೇ: ಏನು ಕಳೆದುಹೋಗುತ್ತದೆಂದು ನಿಮಗೆ ಭಯ, ಈ ಸಭೆಯಲ್ಲಿ ಉಳಿಯಲು ನಿಮಗೆ ಏನು ಬೇಕು, ಏನಾದರೆ ನಿಮಗೆ ಸಹಿಸಲಾಗದು. ವಚನ ಹಿಡಿದು ವಾದಿಸುವುದಕ್ಕೆ ಬೇರೆ ಅಧ್ಯಯನ ಕೂಟ ಇಡಿ. ಮೊದಲ ಸಂಜೆಯೇ ರೋಮಾಪುರದವರಿಗೆ ಬರೆದ ಪತ್ರ ತೆಗೆದರೆ ಬಾಯಿ ಇರುವ ನಾಲ್ಕು ಜನ ಮಾತಾಡುತ್ತಾರೆ, ಉಳಿದ ಆರು ಜನ ಎರಡನೇ ಸಂಜೆ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಯಜಮಾನರು ಮಾತಾಡಿದರೆ ಅದು ಮನೆಯವರೆಲ್ಲರ ಮಾತು ಎಂದು ಲೆಕ್ಕ. ಗಂಡ ಹೆಂಡತಿಯನ್ನು ಬೇರೆ ಬೇರೆ ಗುಂಪಿನಲ್ಲಿ ಕೂರಿಸಿ, ಮಕ್ಕಳನ್ನು ಇನ್ನೊಂದರಲ್ಲಿ. ಒಂದು ಕೂಟವಾದರೂ ಪೂರ್ತಿ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷ್ ಸಭೆಗಳಲ್ಲಿ ತಲೆಯಾಡಿಸಿ ಬರುವ ಹಿರಿಯರು ನಿಜವಾಗಿ ಏನೆಂದುಕೊಂಡಿದ್ದಾರೆಂದು ಆಗ ತಿಳಿಯುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಬಾರದು, ಟಿಪ್ಪಣಿಯಲ್ಲಿ ಹೆಸರಿರಬಾರದು. ಒಂದೇ ಒಂದು ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಉಳಿದ ಕೂಟಗಳೆಲ್ಲ ನಾಟಕವಾಗುತ್ತವೆ. ಕೊನೆಗೆ ಹೆಸರಿಲ್ಲದ ಕಾರ್ಡಿನಲ್ಲಿ ನಾಲ್ಕು ಆಯ್ಕೆ ಕೊಡಿ: ಇಲ್ಲಿ ಸಲಿಂಗ ವಿವಾಹ ನಡೆಯಬೇಕು; ನಡೆದರೆ ಅಡ್ಡಿಯಿಲ್ಲ; ಒಪ್ಪುವುದಿಲ್ಲ, ನಡೆದರೂ ಉಳಿಯುತ್ತೇನೆ; ನಡೆದರೆ ನಾನಿರುವುದಿಲ್ಲ. ಇದು ತೀರ್ಮಾನವಲ್ಲ, ಲೆಕ್ಕ ತಿಳಿಯಲಿಕ್ಕೆ ಎಂದು ಕಾರ್ಡಿನ ಮೇಲೆಯೇ ಬರೆಯಿರಿ. ನಡುವಿನ ಎರಡು ಆಯ್ಕೆಗಳಿಗೆ ಎಷ್ಟು ಬೀಳುತ್ತವೆ ಎಂಬುದೇ ನಿಮ್ಮ ಸಭೆಯ ಭವಿಷ್ಯ.

ಇದಾದ ಮೇಲೆ ಮದುವೆಯ ನಿಯಮಾವಳಿ ಬರೆಯಿರಿ, ಒಂದೇ ಪುಟ. ಯಾರ ಮದುವೆ ಮಾಡಿಸಬೇಕೆಂಬ ತೀರ್ಮಾನ ಪಾಸ್ಟರ್‌ನದು, ಬಿಲ್ಡಿಂಗ್ ನೋಡಿಕೊಳ್ಳುವವರು ಟ್ರಸ್ಟಿಗಳು. ಈ ಇಬ್ಬರು ಎದುರುಬದುರಾದರೆ ಇಬ್ಬರಿಗೂ ಡಿಸಿಪ್ಲಿನ್‌ನಲ್ಲಿ ತಮ್ಮ ಪರ ಒಂದೊಂದು ಸಾಲು ಸಿಗುತ್ತದೆ, ವ್ಯಾಜ್ಯ ಡಿಎಸ್ ಬಾಗಿಲಿಗೆ ಹೋಗುತ್ತದೆ. ಅದಕ್ಕೇ ಮೊದಲೇ ಕೂತು ಮಾತಾಡಿ: ಕೋರಿಕೆ ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ, ಮದುವೆಗೆ ಮುಂಚೆ ಎಷ್ಟು ಭೇಟಿ, ಬಾಡಿಗೆ ಎಷ್ಟು, ನಿಯಮವನ್ನು ಮತ್ತೆ ಯಾವಾಗ ನೋಡುವುದು. ಎರಡು ವರ್ಷಕ್ಕೊಮ್ಮೆ ಸಾಕು. ಒಂದು ಜೋಡಿ ಅರ್ಜಿ ಹಾಕುವ ಮುನ್ನವೇ ಇದು ಮುಗಿದಿರಬೇಕು. ಆಮೇಲೆ ಬರೆದರೆ ಅದು ನಿಯಮವಾಗುವುದಿಲ್ಲ, ಆ ಇಬ್ಬರ ಮೇಲಿನ ತೀರ್ಪಾಗುತ್ತದೆ.

ನಿಮ್ಮ ಪಾಸ್ಟರ್ ಸುಮ್ಮನಿರುವುದು ಜಾಣತನವೆಂದು ಅವರಿಗೆ ಅನಿಸಿರಬಹುದು. ಆದರೆ ಸುಮ್ಮನಿರುವ ಪಾಸ್ಟರ್‌ನನ್ನು ಎರಡೂ ಕಡೆಯವರು ಎದುರು ಪಕ್ಷದವನೆಂದೇ ತಿಳಿಯುತ್ತಾರೆ. ಅವರು ಒಂದು ಸಲ, ಒಂದು ಪುಟದಲ್ಲಿ, ತನ್ನ ನಂಬಿಕೆ ಏನು, ಕೇಳಿದರೆ ತಾನು ಮದುವೆ ಮಾಡಿಸುತ್ತೇನೋ ಇಲ್ಲವೋ, ತನ್ನನ್ನು ಒಪ್ಪದವರ ಆಸ್ಪತ್ರೆಗೂ ಮನೆಗೂ ಶವಸಂಸ್ಕಾರಕ್ಕೂ ತಪ್ಪದೆ ಬರುತ್ತೇನೆ ಎಂಬುದನ್ನು ಹೇಳಲಿ. ಪ್ರತಿ ಭಾನುವಾರ ಪ್ರಸಂಗದಲ್ಲಿ ಕುಟುಕುವುದಕ್ಕಿಂತ ಇದು ಎಷ್ಟೋ ಮೇಲು. ಪಾಸ್ಟರ್-ಪ್ಯಾರಿಷ್ ಸಮಿತಿ ಅವರ ಜೊತೆ ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ ಕೂತು ಈ ಮಾತು ಕೇಳಬೇಕು.

ಆ ಹುಡುಗನ ವಿಷಯ ಕೌನ್ಸಿಲ್‌ನ ಕಾರ್ಯಸೂಚಿಗೆ ಬರಲೇಬಾರದು. ಹೆಸರು ಹಿಡಿದು ಸಾರ್ವಜನಿಕ ಪ್ರಾರ್ಥನೆ ಬೇಡ, "ಬಿಡುಗಡೆ ಪ್ರಾರ್ಥನೆ" ಬೇಡ, ಆಲಿಸುವ ಕೂಟಕ್ಕೆ ಸಾಕ್ಷಿಯಾಗಿ ಅವನನ್ನೋ ತಾಯಿಯನ್ನೋ ಕರೆಯುವುದು ಬೇಡ. ಇಂಥ ಮನೆಗಳಿಗೆ ಹಿತೈಷಿಗಳು ಎರಡು ಸಲಹೆ ತಂದೇ ತರುತ್ತಾರೆ, ಚಿಕಿತ್ಸೆ ಕೊಡಿಸಿ ಅಥವಾ ಊರಿಗೆ ಕರೆದುಕೊಂಡು ಹೋಗಿ ಮದುವೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇವೆಂದು ಚಿಕಿತ್ಸೆ ಕೊಡುವುದನ್ನು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಮದುವೆ ಮಾಡಿಸಿದರೆ ಏನೂ ತಿಳಿಯದ ಒಂದು ಹುಡುಗಿಯ ಬಾಳೂ ಸೇರಿ ಹಾಳಾಗುತ್ತದೆ. ಸಂಪ್ರದಾಯದ ಪರ ಇರುವ ಹಿರಿಯರಿಗೂ ಒಂದು ಮಾತು ನೆನಪಿಸಿ: 1972ರ ಆ ಕಠಿಣ ವಾಕ್ಯದ ಜೊತೆಯಲ್ಲೇ, ಸಲಿಂಗಿಗಳೂ ಪವಿತ್ರ ಬೆಲೆಯುಳ್ಳ ವ್ಯಕ್ತಿಗಳು ಎಂದೂ ಬರೆದಿತ್ತು. ಹುಡುಗ ಊಟ ಬಿಟ್ಟ, ಕೋಣೆಯಿಂದ ಹೊರಗೆ ಬರುತ್ತಿಲ್ಲ, ಸಾಯುವ ಮಾತಾಡಿದ ಎಂದಾದರೆ ತಡ ಮಾಡದೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಲು ತಂದೆತಾಯಿಗೆ ಹೇಳಿ. ಅಮೆರಿಕದಲ್ಲಿ ಎಲ್ಲಿಂದ ಬೇಕಾದರೂ, ಯಾವ ಹೊತ್ತಿಗಾದರೂ ಆ ನಂಬರ್ ಸಿಗುತ್ತದೆ.

ಕಾಣಿಕೆ ನಿಲ್ಲಿಸಿದವರ ಜೊತೆ ಖಾಸಗಿ ಚೌಕಾಸಿಗೆ ಇಳಿಯಬೇಡಿ. ಒಬ್ಬ ದೊಡ್ಡ ದಾನಿಗೆ ಮಾತು ಕೊಟ್ಟಿರೆಂದು ತಿಳಿದ ದಿನ ಇನ್ನೊಂದು ಕಡೆಯವರೂ ಅದನ್ನೇ ಕಲಿಯುತ್ತಾರೆ. ತಿಂಗಳು ತಿಂಗಳು ಬಂದದ್ದು, ಖರ್ಚಾದದ್ದು, ಹಾಜರಾತಿ ಮೂರನ್ನೂ ನೋಟಿಸ್ ಬೋರ್ಡಿಗೆ ಹಾಕಿ. ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಸಂಬಳದ ಕೊರತೆ ತುಂಬಲು ತಿರುಗಿಸಬೇಡಿ, ಅದು ಕಾನೂನಿನ ತೊಂದರೆ ತರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳು ಹೋಗುತ್ತವೆ. ಬಹುಶಃ 2022ರ ಮೇ 1ರಂದು ಶುರುವಾದ ಗ್ಲೋಬಲ್ ಮೆಥೋಡಿಸ್ಟ್ ಚರ್ಚಿಗೆ. ಅಲ್ಲಿ ಹಳೆಯ ಬೋಧನೆ ಉಳಿದಿದೆ, ಆಸ್ತಿಯ ಮೇಲೆ ಟ್ರಸ್ಟ್ ನಿಯಮವೂ ಇಲ್ಲ. ಹೋಗುವವರಿಗೆ ವರ್ಗಾವಣೆ ಪತ್ರವನ್ನು ತಕ್ಷಣ ಕೊಡಿ, ಕಾರಣ ಕೇಳುವ ಸಮಿತಿ ಕೂರಿಸಬೇಡಿ. ತಿಂಗಳ ಕನ್ನಡ ಆರಾಧನೆಗೆ ಎರಡೂ ಕಡೆಯವರು ಬರಬಾರದೆಂದೇನಿಲ್ಲ, ಪಾಸ್ಟರ್ ಒಪ್ಪಿದರೆ ಆಯಿತು. ಆದರೆ ಅದು ಇಷ್ಟು ದಿನದ ಹಾಗೆ ಬಾಯಿಮಾತಿನಲ್ಲಿ ನಡೆಯಬಾರದು. ಟ್ರಸ್ಟಿಗಳಿಂದ ಒಂದು ವರ್ಷದ ಬಳಕೆ ಒಪ್ಪಂದ ಬರೆಸಿಕೊಳ್ಳಿ, ಹೊರಗಿನ ಗುಂಪೂ ಸೇರುವುದರಿಂದ ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳಿ, ಆ ದಿನದ ಕಾಣಿಕೆ ಯಾವ ಖಾತೆಗೆ ಹೋಗಬೇಕೆಂದು ಮೊದಲೇ ಗುರುತು ಮಾಡಿ. ವೇದಿಕೆಯಿಂದ ಪಂಗಡದ ವಿಷಯ ಎತ್ತುವುದಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ, ಎರಡೂ ಕಡೆಯ ಒಬ್ಬೊಬ್ಬ ಹಿರಿಯರಿಂದ ಸಹಿ ಹಾಕಿಸಿ.